ಮೊದಲು ಮೈಕು, ಆಮೇಲೆ ಮಿಕ್ಕಿದ್ದು

ವಿಡಿಯೊ ಎಡಿಟಿಂಗ್ ಬಗ್ಗೆ ಏನು ಬೇಕಾದರೂ ಕೇಳಿ ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ರಾಗ ಹಾಡುತ್ತಿವೆ: ಏನು ಕೊಳ್ಳಲಿ? ಯಾವ ಸಾಫ್ಟ್‌ವೇರ್, ಯಾವ ಲ್ಯಾಪ್‌ಟಾಪ್, ಯಾವ ಕ್ಯಾಮೆರಾ? ಇನ್ನೂ ಒಂದು ನಿಮಿಷದ ವಿಡಿಯೊ ಕೂಡ ಮಾಡಿರದವರು ಉದ್ದುದ್ದ ಖರೀದಿ ಪಟ್ಟಿ ಕಳಿಸಿದ್ದಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಕೆಲಸ ನಾನೂ ಮಾಡಿದ್ದೇನೆ, ಹಾಗಾಗಿ ಬೈಯುವ ಹಕ್ಕು ನನಗಿಲ್ಲ. ಒಂದೇ ಥರದ ಪತ್ರಗಳನ್ನು ಸೇರಿಸಿ ಉತ್ತರ ಬರೆದಿದ್ದೇನೆ, ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನಾನು ಎಡಿಟಿಂಗ್‌ಗೆ ತೀರಾ ಹೊಸಬ. ಒಬ್ಬರು ಪ್ರೀಮಿಯರ್ ಪ್ರೊ ಅಂತಾರೆ, ಇನ್ನೊಬ್ಬರು ಡಾವಿಂಚಿ ರಿಸಾಲ್ವ್ ಬಿಟ್ಟು ಬೇರೆ ಮಾತೇ ಆಡಲ್ಲ. ಯಾವುದರಿಂದ ಶುರು ಮಾಡಲಿ? ನನ್ನ ಲ್ಯಾಪ್‌ಟಾಪ್ ನಾಲ್ಕು ವರ್ಷ ಹಳೆಯದು, 8 ಜಿಬಿ ರ‍್ಯಾಮ್ ಇದೆ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ.

ಉತ್ತರ: ನಿಮ್ಮ ಪ್ರಶ್ನೆಯ ಕೊನೆಯ ಸಾಲಿನಲ್ಲೇ ಉತ್ತರ ಇದೆ. ಸಾಫ್ಟ್‌ವೇರ್ ಯಾವುದು ಒಳ್ಳೆಯದು ಎಂದು ಜನ ಗಂಟೆಗಟ್ಟಲೆ ಜಗಳ ಆಡುತ್ತಾರೆ, ಆದರೆ ನಿಮ್ಮ ಕಂಪ್ಯೂಟರ್ ಯಾವುದನ್ನು ಹೊರಬಲ್ಲದು ಎಂದು ಯಾರೂ ಕೇಳುವುದಿಲ್ಲ. ಡಾವಿಂಚಿ ರಿಸಾಲ್ವ್ ನಿಜಕ್ಕೂ ಅದ್ಭುತ ಸಾಫ್ಟ್‌ವೇರ್. ಬಣ್ಣ ತಿದ್ದುವ ಕೆಲಸಕ್ಕೆ ಹುಟ್ಟಿದ್ದು, 2009ರಲ್ಲಿ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಕಂಪನಿಯ ಕೈಗೆ ಬಂತು, ಆಮೇಲೆ ಕತ್ತರಿಸುವುದು, ಶಬ್ದ, ಗ್ರಾಫಿಕ್ಸ್ ಎಲ್ಲ ಅದರೊಳಗೇ ಸೇರಿಕೊಂಡವು. ಬಿಟ್ಟಿ ಆವೃತ್ತಿಯಲ್ಲೇ 3840×2160 ಅಳತೆಯವರೆಗೆ, ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಬಿಡಿ ಚಿತ್ರಗಳವರೆಗೆ ಮುಗಿದ ವಿಡಿಯೊವನ್ನು ಹೊರತೆಗೆಯಬಹುದು, ಇದಕ್ಕೆ ಎಕ್ಸ್‌ಪೋರ್ಟ್ ಎನ್ನುತ್ತಾರೆ. ಹಣ ಕೊಟ್ಟವರಿಗೆ ಮಾತ್ರ ಸಿಗುವ ಎಫೆಕ್ಟ್ ಹಾಕದಿದ್ದರೆ ಚಿತ್ರದ ಮೇಲೆ ಕಂಪನಿಯ ಗುರುತು, ಅಂದರೆ ವಾಟರ್‌ಮಾರ್ಕ್ ಕೂಡ ಬರುವುದಿಲ್ಲ. ಆದರೆ ಅದು ಗ್ರಾಫಿಕ್ಸ್ ಕಾರ್ಡಿನ ಮೇಲೆ ಬದುಕುವ ಪ್ರಾಣಿ. 16 ಜಿಬಿ ರ‍್ಯಾಮ್ ಕನಿಷ್ಠ ಎಂದು ತಯಾರಕರೇ ಹೇಳುತ್ತಾರೆ. ನಿಮ್ಮ ಲ್ಯಾಪ್‌ಟಾಪಿಗೆ ಅದನ್ನು ಹಾಕಿದರೆ ನೀವು ಎಡಿಟಿಂಗ್ ಕಲಿಯುವುದಿಲ್ಲ, ಕಾಯುವುದನ್ನು ಕಲಿಯುತ್ತೀರಿ.

ನೀವು ಶಾಟ್‌ಕಟ್ ಅಥವಾ ಕೆಡೆನ್‌ಲೈವ್ ಹಾಕಿಕೊಳ್ಳಿ. ಎರಡೂ ಓಪನ್ ಸೋರ್ಸ್, ಪೂರ್ತಿ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತವೆ. ನೋಡಲು ಅಷ್ಟು ಚೆಂದ ಇಲ್ಲ, ಒಪ್ಪುತ್ತೇನೆ. ಆದರೆ ಕ್ಲಿಪ್ ಕತ್ತರಿಸುವುದು, ಜೋಡಿಸುವುದು, ಒಂದರ ಶಬ್ದವನ್ನು ಇನ್ನೊಂದರ ಕೆಳಗೆ ಹಾಯಿಸುವುದು, ಹೆಸರು ಹಾಕುವುದು ಎಲ್ಲವೂ ಇದೆ, ಮೊದಲ ಆರು ತಿಂಗಳು ನೀವು ಮಾಡುವುದು ಇಷ್ಟೇ. ಮ್ಯಾಕ್ ಇದ್ದವರು ಐಮೂವಿಯಿಂದ ಶುರು ಮಾಡಲಿ, ಅದು ಬಿಟ್ಟಿಯಾಗಿ ಸಿಗುತ್ತದೆ. ವಿಂಡೋಸ್ 11 ಇದ್ದವರಿಗೆ ಕ್ಲಿಪ್‌ಚಾಂಪ್ ಸಿಗುತ್ತದೆ. ಹಳೆಯ ವಿಂಡೋಸ್ ಮೂವಿ ಮೇಕರ್ ಎಲ್ಲಿ ಸಿಗುತ್ತದೆ ಎಂದು ಮೂವರು ಕೇಳಿದ್ದಾರೆ. ಮೈಕ್ರೊಸಾಫ್ಟ್ ಅದನ್ನು 2017ರ ಜನವರಿಯಲ್ಲೇ ನಿಲ್ಲಿಸಿತು. ಈಗ ಆ ಹೆಸರಿನಲ್ಲಿ ಯಾರೋ ಅಲ್ಲಿ ಇಲ್ಲಿ ಇಟ್ಟಿರುವ ಫೈಲುಗಳನ್ನು ಇಳಿಸಿಕೊಳ್ಳಬೇಡಿ.

ಪ್ರೀಮಿಯರ್ ಪ್ರೊ ಬಾಡಿಗೆ ಮನೆ ಇದ್ದ ಹಾಗೆ. ಚಂದಾ ಕಟ್ಟುವಷ್ಟು ದಿನ ನಿಮ್ಮದು, ನಿಲ್ಲಿಸಿದ ದಿನ ಬಾಗಿಲು ಮುಚ್ಚುತ್ತದೆ. ಒಂದು ಆಫೀಸಿಗೆ ಸೇರಿಕೊಂಡು ಅಲ್ಲಿ ಎಲ್ಲರೂ ಅದನ್ನೇ ಬಳಸುತ್ತಿದ್ದರೆ ಕಲಿಯಲೇಬೇಕು, ಬೇರೆ ದಾರಿ ಇಲ್ಲ. ಬರೀ ಕಲಿಯುವ ಆಸೆಗೆ ತಿಂಗಳು ತಿಂಗಳು ದುಡ್ಡು ಕಟ್ಟಬೇಕಾಗಿಲ್ಲ. ಫೈನಲ್ ಕಟ್ ಪ್ರೊ ಮ್ಯಾಕ್‌ನಲ್ಲಿ ಒಂದೇ ಸಲ ದುಡ್ಡು ಕೊಟ್ಟು ಕೊಳ್ಳಬಹುದು, ಆದರೆ ವಿಂಡೋಸ್‌ನಲ್ಲಿ ಓಡುವುದಿಲ್ಲ.

ಒಂದರಲ್ಲಿ ಕಲಿತದ್ದು ಇನ್ನೊಂದರಲ್ಲಿ ವ್ಯರ್ಥ ಆಗುತ್ತದಾ ಎಂಬ ಭಯ ಬೇಡ. ಕ್ಲಿಪ್‌ಗಳನ್ನು ಸಾಲಾಗಿ ಜೋಡಿಸುವ ಪಟ್ಟಿಯಾದ ಟೈಮ್‌ಲೈನ್ ಎಲ್ಲ ಕಡೆ ಟೈಮ್‌ಲೈನೇ. ಜೆ ಒತ್ತಿದರೆ ಹಿಂದಕ್ಕೆ, ಕೆ ಒತ್ತಿದರೆ ನಿಲ್ಲುತ್ತದೆ, ಎಲ್ ಒತ್ತಿದರೆ ಮುಂದಕ್ಕೆ. ಐ ಶುರುವಿನ ಗುರುತು, ಓ ಕೊನೆಯ ಗುರುತು. ದೊಡ್ಡ ಸಾಫ್ಟ್‌ವೇರ್‌ಗಳಲ್ಲೆಲ್ಲ ಈ ಐದು ಕೀಲಿಗಳ ಕೆಲಸ ಹೆಚ್ಚುಕಡಿಮೆ ಇದೇ. ಇವನ್ನು ಬೆರಳಿಗೆ ಕಲಿಸಿಬಿಡಿ, ಮೌಸ್ ಹಿಡಿದು ಎಳೆದಾಡುವವರಿಗಿಂತ ನೀವು ಎಷ್ಟೋ ಮುಂದೆ ಇರುತ್ತೀರಿ.

ಪ್ರಶ್ನೆ: ಕಂಪ್ಯೂಟರೇ ಇಲ್ಲ. ಫೋನಿನಲ್ಲೇ ಮಾಡಿದರೆ ಅದು ಎಡಿಟಿಂಗ್ ಅನಿಸಿಕೊಳ್ಳುತ್ತದಾ?

ಉತ್ತರ: ಯಾಕೆ ಅನಿಸಿಕೊಳ್ಳಬಾರದು? ನೋಡುವವರಿಗೆ ನೀವು ಯಾವುದರಲ್ಲಿ ಕತ್ತರಿಸಿದಿರಿ ಎಂದು ಕಾಣುವುದೇ ಇಲ್ಲ. ಕೈನ್‌ಮಾಸ್ಟರ್, ಇನ್‌ಶಾಟ್, ವಿಎನ್ ಈ ಆ್ಯಪ್‌ಗಳಲ್ಲಿ ಯಾವುದಾದರೂ ಒಂದು ಸಾಕು. ಆದರೆ ದೊಡ್ಡ ಕೆಲಸಕ್ಕೆ ಇಳಿಯುವ ಮೊದಲು ಹತ್ತು ಸೆಕೆಂಡಿನ ಕ್ಲಿಪ್ ಒಂದನ್ನು ಪೂರ್ತಿ ಎಕ್ಸ್‌ಪೋರ್ಟ್ ಮಾಡಿ ನೋಡಿ. ವಾಟರ್‌ಮಾರ್ಕ್ ಬರುತ್ತದಾ, ಯಾವ ಅಳತೆಗೆ ದುಡ್ಡು ಕೇಳುತ್ತದೆ ಎಲ್ಲ ಅಲ್ಲೇ ಗೊತ್ತಾಗುತ್ತದೆ. ಮೂರು ದಿನ ಕೂತು ಎಡಿಟ್ ಮಾಡಿ ಕೊನೆಗೆ ಮೂಲೆಯಲ್ಲಿ ಅವರ ಹೆಸರು ಬಂದರೆ ಹೊಟ್ಟೆ ಉರಿಯುತ್ತದೆ. ಐದಾರು ನಿಮಿಷಕ್ಕಿಂತ ಉದ್ದದ ವಿಡಿಯೊ, ಇಬ್ಬರು ಮೂವರ ಸಂದರ್ಶನ, ಐವತ್ತು ಅರವತ್ತು ಕ್ಲಿಪ್ ಬಂದಾಗ ಮಾತ್ರ ಬೆರಳಿನ ಗಾತ್ರದ ಟೈಮ್‌ಲೈನ್ ಹಿಂಸೆ ಕೊಡಲು ಶುರು ಮಾಡುತ್ತದೆ. ಆಗ ಕಂಪ್ಯೂಟರ್ ಬಗ್ಗೆ ಯೋಚಿಸಿ.

ಪ್ರಶ್ನೆ: ಸಿನಿಮಾ ನೋಡುವಾಗ ನನ್ನ ಕಂಪ್ಯೂಟರ್ ಸರಾಗವಾಗಿ ಓಡುತ್ತದೆ. ಅದೇ ಥರದ ಫೈಲನ್ನು ಟೈಮ್‌ಲೈನ್‌ಗೆ ಹಾಕಿದರೆ ತಡವರಿಸುತ್ತದೆ, ಹ್ಯಾಂಗ್ ಆಗುತ್ತದೆ. ಹೊಸ ಕಂಪ್ಯೂಟರ್ ಬೇಕೇ ಬೇಕಾ? ಕೊಂಡರೆ ಏನು ನೋಡಿ ಕೊಳ್ಳಲಿ?

ಉತ್ತರ: ಇದು ಈ ತಿಂಗಳ ಒಳ್ಳೆಯ ಪ್ರಶ್ನೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಫೋನು, ಕ್ಯಾಮೆರಾಗಳು ವಿಡಿಯೊವನ್ನು ಸಾಮಾನ್ಯವಾಗಿ ಎಚ್.264 ಅಥವಾ ಎಚ್.265 ಎಂಬ ಪದ್ಧತಿಯಲ್ಲಿ ಒತ್ತಿ ಚಿಕ್ಕದು ಮಾಡಿ ಇಡುತ್ತವೆ. ಅದರ ಗುಟ್ಟು ಏನೆಂದರೆ, ಎಲ್ಲ ಚಿತ್ರಗಳನ್ನೂ ಪೂರ್ತಿ ಉಳಿಸುವುದಿಲ್ಲ. ಒಂದು ಪೂರ್ತಿ ಚಿತ್ರ, ಆಮೇಲೆ ಬರುವ ಹಲವಾರು ಚಿತ್ರಗಳಲ್ಲಿ ಬದಲಾದದ್ದು ಮಾತ್ರ, ಮತ್ತೆ ಒಂದು ಪೂರ್ತಿ ಚಿತ್ರ, ಹೀಗೆ. ಪಕ್ಕದವರ ನೋಟ್ಸಿನಲ್ಲಿ "ನಿನ್ನೆ ಬರೆದದ್ದೇ, ಮೂರನೇ ಸಾಲು ಮಾತ್ರ ಬೇರೆ" ಎಂದು ಬರೆದಿದ್ದರೆ ಹೇಗೋ ಹಾಗೆ. ಮೊದಲಿಂದ ಓದಿಕೊಂಡು ಹೋದರೆ ತೊಂದರೆ ಇಲ್ಲ. ಮಧ್ಯದ ಪುಟ ತೆಗೆದರೆ ಹಿಂದಿನ ಪುಟಗಳನ್ನೆಲ್ಲ ಹುಡುಕಬೇಕು. ಸಿನಿಮಾ ನೋಡುವಾಗ ಕಂಪ್ಯೂಟರ್ ಮುಂದಕ್ಕೆ ಮಾತ್ರ ಹೋಗುತ್ತದೆ. ಎಡಿಟ್ ಮಾಡುವಾಗ ನೀವು ಹಿಂದೆ ಮುಂದೆ ನೆಗೆಯುತ್ತೀರಿ, ನೆಗೆದಾಗೆಲ್ಲ ಅದು ಹಿಂದಿನ ಪೂರ್ತಿ ಚಿತ್ರ ಹುಡುಕಿ ಅಲ್ಲಿಂದ ಲೆಕ್ಕ ಹಾಕಿಕೊಂಡು ಬರಬೇಕು. ಜೊತೆಗೆ 4ಕೆ, ಅಂದರೆ 3840×2160 ಅಳತೆ, ಬೇರೆ. 1920×1080 ಅಂದರೆ ಸುಮಾರು 20 ಲಕ್ಷ ಚುಕ್ಕಿ, 3840×2160 ಅಂದರೆ ಸುಮಾರು 83 ಲಕ್ಷ. ನಾಲ್ಕು ಪಟ್ಟು ಕೆಲಸ.

ಇದಕ್ಕೆ ದುಡ್ಡಿಲ್ಲದ ಮದ್ದು ಇದೆ, ಹೆಸರು ಪ್ರಾಕ್ಸಿ. ದೊಡ್ಡ ಫೈಲುಗಳದ್ದೇ ಸಣ್ಣ ಹಗುರ ಪ್ರತಿಗಳನ್ನು ಸಾಫ್ಟ್‌ವೇರ್ ಮಾಡಿಕೊಡುತ್ತದೆ, ನೀವು ಅವುಗಳ ಮೇಲೆ ಕತ್ತರಿಸುತ್ತೀರಿ, ಎಕ್ಸ್‌ಪೋರ್ಟ್ ಹೊತ್ತಿಗೆ ಅದು ಮೂಲ ಫೈಲನ್ನೇ ಬಳಸಿಕೊಳ್ಳುತ್ತದೆ. ಶಾಟ್‌ಕಟ್, ಕೆಡೆನ್‌ಲೈವ್, ರಿಸಾಲ್ವ್, ಪ್ರೀಮಿಯರ್, ಫೈನಲ್ ಕಟ್ ಎಲ್ಲದರಲ್ಲೂ ಇದೆ. ಪ್ರಾಕ್ಸಿ ತಯಾರಾಗಲು ಹೊತ್ತು ಹಿಡಿಯುತ್ತದೆ, ರಾತ್ರಿ ಹಾಕಿ ಮಲಗಿ. ಇನ್ನೊಂದು, ಇನ್ನೂ ಸುಲಭದ್ದು: ಕಲಿಯುವ ದಿನಗಳಲ್ಲಿ 1080ರಲ್ಲೇ ಶೂಟ್ ಮಾಡಿ. ನಿಮ್ಮ ವಿಡಿಯೊ ನೋಡುವವರಲ್ಲಿ ಬಹಳ ಜನ ಅಂಗೈಯಗಲದ ಪರದೆಯಲ್ಲಿ ನೋಡುತ್ತಾರೆ, ಅಲ್ವಾ?

ಇಷ್ಟಾದ ಮೇಲೂ ಕೊಳ್ಳಲೇಬೇಕು ಅನಿಸಿದರೆ, ಈಗಿರುವ ಕಂಪ್ಯೂಟರಿನಲ್ಲಿ ಹಾರ್ಡ್‌ಡಿಸ್ಕ್ ಇದ್ದರೆ ಮೊದಲು ಅದನ್ನು ತೆಗೆದು, ತಿರುಗುವ ತಟ್ಟೆ ಇಲ್ಲದ ವೇಗದ ಡಿಸ್ಕ್ ಆದ ಎಸ್‌ಎಸ್‌ಡಿ ಹಾಕಿಸಿ. ಮಾಮೂಲಿ ಹಾರ್ಡ್‌ಡಿಸ್ಕ್ ಸೆಕೆಂಡಿಗೆ 100ರಿಂದ 200 ಎಂಬಿ ಓದಿದರೆ ದೊಡ್ಡದು, ಸಾಟಾ ಎಂಬ ಮಾಮೂಲಿ ಬಗೆಯ ಎಸ್‌ಎಸ್‌ಡಿ 500 ದಾಟುತ್ತದೆ. ಆಮೇಲೆ ರ‍್ಯಾಮ್ 16 ಜಿಬಿಗೆ ಏರಿಸಿ, ಏರಿಸಲು ಜಾಗ ಇದ್ದರೆ. ಎಷ್ಟೋ ಸಲ ಇಷ್ಟಕ್ಕೇ ಹಳೆ ಯಂತ್ರ ಎದ್ದು ಕೂರುತ್ತದೆ. ಹೊಸದೇ ಕೊಳ್ಳುವುದಾದರೆ 16 ಜಿಬಿಗಿಂತ ಕಡಿಮೆ ಬೇಡ. ರ‍್ಯಾಮ್ ಬೋರ್ಡಿಗೇ ಅಂಟಿಸಿ ಬೆಸೆದಿರುವ ಲ್ಯಾಪ್‌ಟಾಪ್‌ಗಳು ಈಗ ಜಾಸ್ತಿ. ಅವುಗಳಲ್ಲಿ ಆಮೇಲೆ ಏರಿಸಲು ಆಗುವುದಿಲ್ಲ, ಕೊಳ್ಳುವ ದಿನವೇ ಯೋಚಿಸಬೇಕು. ರಿಸಾಲ್ವ್ ನಿಮ್ಮ ಗುರಿಯಾಗಿದ್ದರೆ ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಹಾಕಿ. ಪರದೆಗೆ ಅದು ಎಸ್‌ಆರ್‌ಜಿಬಿ ಎಂಬ ಮಾನಕದ ಬಣ್ಣಗಳನ್ನು ಎಷ್ಟು ಭಾಗ ತೋರಿಸುತ್ತದೆ ಎಂದು ಕೇಳಿ. ಅರ್ಧ ಬಣ್ಣ ತೋರಿಸುವ ಪರದೆಯಲ್ಲಿ ಬಣ್ಣ ತಿದ್ದುವುದು ಎಂದರೆ ತಂಪು ಕನ್ನಡಕ ಹಾಕಿಕೊಂಡು ಗೋಡೆಗೆ ಸುಣ್ಣ ಬಳಿದ ಹಾಗೆ.

ಬಣ್ಣಬಣ್ಣದ ಕೀಲಿಗಳ ಎಡಿಟಿಂಗ್ ಕೀಬೋರ್ಡ್ ಬಗ್ಗೆ ಒಬ್ಬರು ಕೇಳಿದ್ದಾರೆ. ಬೇಡ.

ಪ್ರಶ್ನೆ: ಕೈಯಲ್ಲಿ ಒಂದಿಷ್ಟು ದುಡ್ಡಿದೆ. ಫೋನ್ ಬಿಟ್ಟು ಒಳ್ಳೆಯ ಕ್ಯಾಮೆರಾ ಕೊಳ್ಳಬೇಕೆಂದಿದ್ದೇನೆ. ಯಾವುದು ಕೊಳ್ಳಲಿ?

ಉತ್ತರ: ಮೈಕ್ ಕೊಳ್ಳಿ.

ತಮಾಷೆ ಅಲ್ಲ. ನನ್ನ ಕಥೆ ಕೇಳಿ. ಶುರುವಿನ ದಿನಗಳಲ್ಲಿ ಸಾಲ ಮಾಡಿ ಕ್ಯಾಮೆರಾ ತಂದಿದ್ದೆ. ಹಿಂದಿನದೆಲ್ಲ ಮಸುಕಾಗಿ ಮುಖ ಮಾತ್ರ ಹೊಳೆಯುವ ಲೆನ್ಸ್ ಬೇರೆ. ವಯಸ್ಸಾದ ಮೇಷ್ಟ್ರು ಒಬ್ಬರನ್ನು ಕೂರಿಸಿ ಒಂದೂವರೆ ಗಂಟೆ ಮಾತಾಡಿಸಿದೆ, ಅವರು ಯಾರಿಗೂ ಹೇಳದ ವಿಷಯಗಳನ್ನೆಲ್ಲ ಹೇಳಿದರು. ಮನೆಗೆ ಬಂದು ಹಾಕಿ ನೋಡಿದರೆ ಚಿತ್ರ ದೇವರಂತಿದೆ, ಕಿವಿಗೆ ಬೀಳುವುದು ಫ್ಯಾನು. ಫ್ಯಾನಿನ ಹಿಂದೆ ಎಲ್ಲೋ ಬಾವಿಯೊಳಗಿಂದ ಮೇಷ್ಟ್ರ ದನಿ. ಕ್ಯಾಮೆರಾದ ಮೇಲಿದ್ದ ಪುಟ್ಟ ಮೈಕು ಅವರಿಂದ ಎಂಟು ಅಡಿ ದೂರ ಇತ್ತು, ಫ್ಯಾನಿನ ಕೆಳಗೇ ಇತ್ತು. ಅದನ್ನು ಸರಿಮಾಡಲು ಮೂರು ವಾರ ಒದ್ದಾಡಿ ಬಿಟ್ಟೆ. ಮತ್ತೆ ಹೋಗಿ ಕೇಳಿದಾಗ ಅವರು ನಕ್ಕು, ಎಲ್ಲ ಹೇಳಿಯಾಯಿತಲ್ಲ ಅಂದರು.

ಚಿತ್ರ ಸ್ವಲ್ಪ ಮಂಕಾದರೂ ಜನ ನೋಡುತ್ತಾರೆ, ಮಾತು ಕೇಳಿಸದಿದ್ದರೆ ಅರ್ಧ ನಿಮಿಷದಲ್ಲಿ ಬೇರೆ ಕಡೆ ಹೋಗುತ್ತಾರೆ. ಮತ್ತೆ ಮಂಕಾದ ಚಿತ್ರವನ್ನು ಎಡಿಟಿಂಗ್‌ನಲ್ಲಿ ಒಂದಿಷ್ಟು ತಿದ್ದಬಹುದು, ಗೋಡೆಗೆ ಬಡಿದು ಗುಂಯ್‌ಗುಟ್ಟುವ ದನಿಯನ್ನು ತಿದ್ದುವುದು ಇವತ್ತಿಗೂ ಕಷ್ಟ. ಲೆಕ್ಕ ಸರಳ. ಬಾಯಿಗೂ ಮೈಕಿಗೂ ಇರುವ ದೂರ ಎರಡು ಪಟ್ಟಾದರೆ ದನಿ 6 ಡೆಸಿಬೆಲ್ ಇಳಿಯುತ್ತದೆ, ಅಂದರೆ ಮೈಕಿಗೆ ಸಿಗುವ ಶಕ್ತಿ ಕಾಲು ಭಾಗಕ್ಕೆ ಬರುತ್ತದೆ. ಕೋಣೆಯ ಗದ್ದಲ ಮಾತ್ರ ಇದ್ದಷ್ಟೇ ಇರುತ್ತದೆ. ಹಾಗಾಗಿ ಬಾಯಿಗೆ ಹತ್ತಿರ ಇರುವ ಅಗ್ಗದ ಮೈಕು, ದೂರ ಇರುವ ದುಬಾರಿ ಮೈಕನ್ನು ಸೋಲಿಸುತ್ತದೆ. ಅಂಗಿಗೆ ಸಿಕ್ಕಿಸುವ ವೈರಿನ ಕಾಲರ್ ಮೈಕ್ ಸಾಕು. ಒಂದು ಎಚ್ಚರಿಕೆ: ಪ್ಲಗ್ ನೋಡಿ ಕೊಳ್ಳಿ. ಹೆಡ್‌ಫೋನ್ ತೂತಿರುವ ಫೋನಿಗೆ ಬೇಕಾದ ಪ್ಲಗ್‌ನಲ್ಲಿ ಮೂರು ಉಂಗುರ ಇರುತ್ತವೆ, ಕ್ಯಾಮೆರಾದ ಪ್ಲಗ್‌ನಲ್ಲಿ ಎರಡು. ಹೊಂದದಿದ್ದರೆ ಫೋನು ತನ್ನ ಒಳಗಿನ ಮೈಕಿನಲ್ಲೇ ರೆಕಾರ್ಡ್ ಮಾಡುತ್ತಾ ಹೋಗುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ತೂತೇ ಇಲ್ಲದ ಹೊಸ ಫೋನುಗಳಿಗೆ ಯುಎಸ್‌ಬಿ-ಸಿ ಮೈಕ್ ಬರುತ್ತವೆ.

ಮೈಕಿಗೂ ದುಡ್ಡಿಲ್ಲವಾ? ಮನೆಯಲ್ಲಿರುವ ಇನ್ನೊಂದು ಫೋನು ತೆಗೆದುಕೊಳ್ಳಿ. ಅದಕ್ಕೆ ಮಾಮೂಲಿ ಇಯರ್‌ಫೋನ್ ಸಿಕ್ಕಿಸಿ, ಅದರ ವೈರಿನ ಮೇಲಿನ ಪುಟ್ಟ ಮೈಕನ್ನು ಅಂಗಿಯ ಗುಂಡಿ ಹತ್ತಿರ ಕಟ್ಟಿ, ವಾಯ್ಸ್ ರೆಕಾರ್ಡರ್ ಆನ್ ಮಾಡಿ ಜೇಬಿಗೆ ಹಾಕಿ. ಕ್ಯಾಮೆರಾ ಮುಂದೆ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಎಡಿಟಿಂಗ್‌ನಲ್ಲಿ ಎರಡೂ ಕೈ ಕೂಡುವ ಫ್ರೇಮಿಗೆ ಶಬ್ದದ ಆ ಎತ್ತರದ ಗೀಟನ್ನು ಹೊಂದಿಸಿದರೆ ಆಯಿತು. ರೆಕಾರ್ಡ್ ಮಾಡುವಾಗ ಮೀಟರ್ ತೋರಿಸುವ ಶಬ್ದದ ಮಟ್ಟ ಮೈನಸ್ 12 ಡೆಸಿಬೆಲ್ ಆಸುಪಾಸಿಗೆ ಏರಿ ಇಳಿಯುತ್ತಿರಲಿ. ಸೊನ್ನೆ ಮುಟ್ಟಿದರೆ ದನಿ ಒಡೆಯುತ್ತದೆ, ಒಡೆದದ್ದು ಮತ್ತೆ ಕೂಡುವುದಿಲ್ಲ. ಕಿವಿಗೆ ಹೆಡ್‌ಫೋನ್ ಹಾಕಿ ಕೇಳುತ್ತಲೇ ಶೂಟ್ ಮಾಡಿ, ಆಗದಿದ್ದರೆ ಅರ್ಧ ನಿಮಿಷ ರೆಕಾರ್ಡ್ ಮಾಡಿ ಅಲ್ಲೇ ಕೇಳಿ ಮುಂದುವರಿಯಿರಿ. ಮತ್ತೆ, ಫ್ಯಾನ್ ಆರಿಸಿ.

ಮೈಕ್ ಆದ ಮೇಲೆ ಟ್ರೈಪಾಡ್. ಅದಾದ ಮೇಲೆ ಬೆಳಕು. ಕ್ಯಾಮೆರಾ ಇವೆಲ್ಲ ಮುಗಿದ ಮೇಲೆ, ಫೋನಿನಲ್ಲಿ ಇಂಥದ್ದು ಆಗುತ್ತಿಲ್ಲ ಎಂದು ನೀವೇ ಬೆರಳಿಟ್ಟು ತೋರಿಸುವ ದಿನ. ಅಷ್ಟರ ತನಕ ಫೋನಿನ ಲೆನ್ಸನ್ನು ಮೆತ್ತಗಿನ ಬಟ್ಟೆಯಲ್ಲಿ ಒರೆಸಿ. ಎಷ್ಟೋ ಮಂಜು ಮಂಜಾದ ವಿಡಿಯೊಗಳಿಗೆ ಕಾರಣ ಕ್ಯಾಮೆರಾ ಅಲ್ಲ, ಬೆರಳಿನ ಜಿಡ್ಡು.

ಪ್ರಶ್ನೆ: ಬೆಳಕಿಗೆ ಏನು ಕೊಳ್ಳಬೇಕು? ಮನೆಯೊಳಗೆ ಶೂಟ್ ಮಾಡಿದರೆ ಚಿತ್ರದಲ್ಲಿ ಪಟ್ಟಿ ಪಟ್ಟಿ ಓಡಾಡುತ್ತವೆ.

ಉತ್ತರ: ಮೊದಲು ಕಿಟಕಿ. ಕಿಟಕಿಗೆ ಮುಖ ಮಾಡಿ, ಇಲ್ಲವೇ ಅದು ಪಕ್ಕಕ್ಕೆ ಬರುವ ಹಾಗೆ ಕೂರಿಸಿ, ಬೆನ್ನು ಮಾಡಿ ಬೇಡ. ಹಗಲ ಬೆಳಕಿನ ಜೊತೆ ಹಳದಿ ಬಲ್ಬ್ ಸೇರಿಸಬೇಡಿ. ಬೆಳಕಿನ ಬಣ್ಣ ಅಳೆಯುವ ಕೆಲ್ವಿನ್ ಲೆಕ್ಕದಲ್ಲಿ ಹಗಲು ಸುಮಾರು 5600, ಹಳದಿ ಬಲ್ಬ್ 3000ದ ಆಸುಪಾಸು. ಎರಡನ್ನೂ ಒಟ್ಟಿಗೆ ಸರಿ ಮಾಡಲು ಆಗದೆ ಮುಖದ ಅರ್ಧ ನೀಲಿ, ಅರ್ಧ ಅರಿಶಿನ ಆಗುತ್ತದೆ. ಪಟ್ಟಿಗಳು ವಿದ್ಯುತ್ತಿನ ಮಿಡಿತದ್ದು. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಕೆಲವು ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತವೆ. ನಮ್ಮ ಕಣ್ಣಿಗೆ ಕಾಣದು, ಕ್ಯಾಮೆರಾಗೆ ಕಾಣುತ್ತದೆ. ಶಟರ್ ವೇಗವನ್ನು, ಅಂದರೆ ಒಂದು ಫ್ರೇಮ್ ಬೆಳಕು ಹೀರುವ ಹೊತ್ತನ್ನು, ಸೆಕೆಂಡಿನ 1/50 ಅಥವಾ 1/100ಕ್ಕೆ ಇಡಿ, 60 ಹರ್ಟ್ಸ್ ಇರುವ ದೇಶದಲ್ಲಿ 1/60 ಅಥವಾ 1/120. ಫೋನಿನ ಕ್ಯಾಮೆರಾದಲ್ಲಿ ಶಟರ್ ಕೈಗೆ ಸಿಗದಿದ್ದರೆ ಅದನ್ನು ಕೊಡುವ ಕ್ಯಾಮೆರಾ ಆ್ಯಪ್ ಒಂದನ್ನು ಹಾಕಿಕೊಳ್ಳಿ. ಮುಖದ ಮೇಲೆ ಬೆರಳಿಟ್ಟು ಒತ್ತಿ ಹಿಡಿದರೆ ಬಹಳ ಫೋನುಗಳಲ್ಲಿ ಫೋಕಸ್, ಬೆಳಕು ಎರಡೂ ಅಲ್ಲಿಗೇ ನಿಲ್ಲುತ್ತವೆ, ಮಾತಿನ ಮಧ್ಯೆ ಚಿತ್ರ ಕಪ್ಪಾಗಿ ಬೆಳ್ಳಗಾಗುವುದು ತಪ್ಪುತ್ತದೆ.

ಪ್ರಶ್ನೆ: ವಿಡಿಯೊ ಶುರುವಿನಲ್ಲಿ ಮಾತಿಗೂ ತುಟಿಗೂ ಹೊಂದುತ್ತದೆ. ಹತ್ತು ನಿಮಿಷ ಆಗುವಷ್ಟರಲ್ಲಿ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ. ಸಾಫ್ಟ್‌ವೇರ್ ಬದಲಾಯಿಸಿದರೂ ಅದೇ ಗೋಳು.

ಉತ್ತರ: ತಪ್ಪು ಸಾಫ್ಟ್‌ವೇರಿನದ್ದಲ್ಲ. ಫೋನುಗಳು ಸೆಕೆಂಡಿಗೆ 30 ಫ್ರೇಮ್ ಎಂದು ಹೇಳಿದರೂ ಸರಿಯಾಗಿ ಮೂವತ್ತೇ ತೆಗೆಯುವುದಿಲ್ಲ. ಬೆಳಕು ಕಡಿಮೆಯಾದಾಗ, ಬಿಸಿಯಾದಾಗ ಸ್ವಲ್ಪ ಕಡಿಮೆ, ಮತ್ತೊಮ್ಮೆ ಸ್ವಲ್ಪ ಜಾಸ್ತಿ. ಇದಕ್ಕೆ ವೇರಿಯಬಲ್ ಫ್ರೇಮ್ ರೇಟ್ ಎನ್ನುತ್ತಾರೆ. ಎಡಿಟಿಂಗ್ ಸಾಫ್ಟ್‌ವೇರ್ ಪ್ರತಿ ಸೆಕೆಂಡಿಗೂ ಒಂದೇ ಲೆಕ್ಕ ಇರುತ್ತದೆ ಎಂದು ನಂಬಿ ಕೂತಿರುತ್ತದೆ, ಹಾಗಾಗಿ ನಿಮಿಷ ಕಳೆದ ಹಾಗೆ ವ್ಯತ್ಯಾಸ ಬೆಳೆಯುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರ್ ಇಳಿಸಿಕೊಂಡು, ಅದರ ವಿಡಿಯೊ ಭಾಗದಲ್ಲಿ ಕಾನ್‌ಸ್ಟಂಟ್ ಫ್ರೇಮ್ ರೇಟ್ ಆರಿಸಿ, ನೀವು ಶೂಟ್ ಮಾಡಿದ ಅಂಕಿಯನ್ನೇ ಕೊಟ್ಟು ಫೈಲ್ ಬದಲಾಯಿಸಿ. ಆ ಹೊಸ ಫೈಲನ್ನು ಟೈಮ್‌ಲೈನ್‌ಗೆ ಹಾಕಿ. ಎಡಿಟ್ ಮಾಡುವ ಮೊದಲೇ ಇದನ್ನು ಮಾಡಬೇಕು, ಆಮೇಲೆ ಮಾಡಿದರೆ ಎರಡು ಸಲ ಕೆಲಸ.

ಪ್ರಶ್ನೆ: ಕನ್ನಡದಲ್ಲಿ ಹೆಸರು ಹಾಕಿದರೆ ಒತ್ತಕ್ಷರ ಪಕ್ಕಕ್ಕೆ ಹೋಗಿ ಕೂರುತ್ತದೆ, ಅಕ್ಷರ ಒಡೆದು ಬರುತ್ತದೆ. ಕನ್ನಡಕ್ಕೆ ಸರಿಯಾದ ಸಾಫ್ಟ್‌ವೇರ್ ಯಾವುದು?

ಉತ್ತರ: ಈ ಪ್ರಶ್ನೆ ಒಂಬತ್ತು ಜನರಿಂದ ಬಂದಿದೆ. "ಕನ್ನಡ" ಎಂಬ ಪದ ನಮಗೆ ಮೂರು ಅಕ್ಷರ. ಕಂಪ್ಯೂಟರಿಗೆ ಯೂನಿಕೋಡ್‌ನಲ್ಲಿ ಅದು ಐದು: ಕ, ನ, ನಡುವಿನ ಹಲಂತ (್), ಇನ್ನೊಂದು ನ, ಡ. ಇವನ್ನು ಓದಿ, ಎರಡನೇ ನ-ವನ್ನು ಒತ್ತಾಗಿಸಿ ಕೆಳಗೆ ಕೂರಿಸುವ ಬುದ್ಧಿ ಸಾಫ್ಟ್‌ವೇರಿನ ಅಕ್ಷರ ಜೋಡಿಸುವ ಭಾಗಕ್ಕೆ ಇರಬೇಕು. ಅದಿಲ್ಲದಿದ್ದರೆ ಎಲ್ಲ ಸಾಲಾಗಿ ನಿಂತುಬಿಡುತ್ತವೆ. ಪ್ರೀಮಿಯರ್ ಬಳಸುವವರು ಪ್ರಿಫರೆನ್ಸಸ್ ಒಳಗೆ ಗ್ರಾಫಿಕ್ಸ್ ಭಾಗಕ್ಕೆ ಹೋಗಿ ಟೆಕ್ಸ್ಟ್ ಎಂಜಿನ್ ಅನ್ನು "ಸೌತ್ ಏಷ್ಯನ್ ಅಂಡ್ ಮಿಡಲ್ ಈಸ್ಟರ್ನ್" ಎಂದು ಬದಲಾಯಿಸಿ, ಅಕ್ಷರಗಳನ್ನು ಹೊಸದಾಗಿ ಬರೆಯಿರಿ. ಕೆಡೆನ್‌ಲೈವ್, ಶಾಟ್‌ಕಟ್‌ಗಳಲ್ಲಿ ನೋಟೊ ಸಾನ್ಸ್ ಕನ್ನಡದಂಥ ಯೂನಿಕೋಡ್ ಫಾಂಟ್ ಹಾಕಿದರೆ ಸಾಮಾನ್ಯವಾಗಿ ಸರಿಯಾಗೇ ಬರುತ್ತದೆ.

ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ಫಾಂಟ್‌ಗಳ ಕಥೆ ಬೇರೆ. ಅವು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿಕೊಂಡವು, ಹಾಗಾಗಿ ಯಾವ ಬುದ್ಧಿಯೂ ಇಲ್ಲದ ಸಾಫ್ಟ್‌ವೇರಿನಲ್ಲೂ ಚೆನ್ನಾಗಿ ಕಾಣುತ್ತವೆ. ಆದರೆ ಆ ಫಾಂಟಿಲ್ಲದ ಕಂಪ್ಯೂಟರಿಗೆ ಫೈಲ್ ಹೋದ ಕೂಡಲೇ ಎಲ್ಲ ಗಜಿಬಿಜಿ. ಸಬ್‌ಟೈಟಲ್ ಫೈಲಿಗಂತೂ ಅವನ್ನು ಬಳಸಲೇಬೇಡಿ, ಅಲ್ಲಿ ಯೂನಿಕೋಡ್ ಮಾತ್ರ. ಯಾವುದೂ ಕೈಗೂಡದಿದ್ದರೆ ಕೊನೆಯ ಉಪಾಯ: ಇಂಕ್‌ಸ್ಕೇಪ್‌ನಂಥ ಚಿತ್ರ ಬರೆಯುವ ಸಾಫ್ಟ್‌ವೇರಿನಲ್ಲಿ ಹೆಸರು ಬರೆದು, ಹಿನ್ನೆಲೆ ಪಾರದರ್ಶಕ ಇರುವ ಪಿಎನ್‌ಜಿ ಮಾಡಿ, ಅದನ್ನು ಚಿತ್ರವಾಗಿ ಟೈಮ್‌ಲೈನ್ ಮೇಲೆ ಇಡಿ. ನಾನು ಇವತ್ತಿಗೂ ಮುಖ್ಯ ಶೀರ್ಷಿಕೆಗಳನ್ನು ಹೀಗೇ ಮಾಡುತ್ತೇನೆ, ಅಕ್ಷರಗಳ ಅಂತರ ಬೇಕಾದ ಹಾಗೆ ಎಳೆಯಬಹುದು.

ಪ್ರಶ್ನೆ: ನಿನ್ನೆ ತನಕ ಚೆನ್ನಾಗಿದ್ದ ಪ್ರಾಜೆಕ್ಟ್ ಇವತ್ತು ತೆರೆದರೆ ಪೂರ್ತಿ ಕೆಂಪು, "ಮೀಡಿಯಾ ಆಫ್‌ಲೈನ್" ಅಂತಿದೆ. ಎಲ್ಲ ಹೋಯಿತಾ?

ಉತ್ತರ: ಹೋಗಿಲ್ಲ, ಗಾಬರಿ ಬೇಡ. ಪ್ರಾಜೆಕ್ಟ್ ಫೈಲಿನ ಒಳಗೆ ವಿಡಿಯೊ ಇರುವುದೇ ಇಲ್ಲ. ಯಾವ ಫೋಲ್ಡರಿನ ಯಾವ ಕ್ಲಿಪ್ಪನ್ನು ಎಲ್ಲಿಂದ ಎಲ್ಲಿಯ ತನಕ ಬಳಸಬೇಕು ಎಂಬ ಚೀಟಿ ಮಾತ್ರ ಇರುತ್ತದೆ. ನೀವು ಫೋಲ್ಡರಿನ ಹೆಸರು ಬದಲಾಯಿಸಿದ್ದೀರಿ, ಇಲ್ಲವೇ ಬೇರೆ ಕಡೆ ಹಾಕಿದ್ದೀರಿ, ಇಲ್ಲವೇ ಪೆನ್‌ಡ್ರೈವ್ ಕಿತ್ತಿದ್ದೀರಿ. ರೀಲಿಂಕ್ ಆಯ್ಕೆಯಲ್ಲಿ ಹೊಸ ಜಾಗ ತೋರಿಸಿ, ವಾಪಸ್ ಬರುತ್ತದೆ. ಪ್ರಾಜೆಕ್ಟ್ ಕಾಪಿ ಇದೆ ಎಂದು ಮೂಲ ವಿಡಿಯೊ ಅಳಿಸಿದವರು ಒಬ್ಬರು ಬರೆದಿದ್ದಾರೆ, ಅವರಿಗೆ ಹೇಳಲು ನನ್ನ ಬಳಿ ಏನೂ ಇಲ್ಲ. ಇನ್ನು ಮುಂದೆ ಒಂದು ಕೆಲಸಕ್ಕೆ ಒಂದೇ ದೊಡ್ಡ ಫೋಲ್ಡರ್, ಅದರೊಳಗೇ ವಿಡಿಯೊ, ಶಬ್ದ, ಚಿತ್ರ, ಪ್ರಾಜೆಕ್ಟ್ ಎಲ್ಲ. ಆ ಫೋಲ್ಡರಿನ ಮೂರು ಪ್ರತಿ ಇರಲಿ, ಎರಡು ಬೇರೆ ಬೇರೆ ಡ್ರೈವ್‌ಗಳಲ್ಲಿ, ಒಂದು ಬೇರೆ ಮನೆಯಲ್ಲೋ ಕ್ಲೌಡ್‌ನಲ್ಲೋ.

ಪ್ರಶ್ನೆ: ಗೆಳೆಯನೊಬ್ಬ ಪ್ರೀಮಿಯರ್‌ನ ಕ್ರ್ಯಾಕ್ ಆವೃತ್ತಿ ಕೊಡುತ್ತೇನೆ ಅಂತಿದ್ದಾನೆ. ಹಾಕಿಸಿಕೊಳ್ಳಲಾ?

ಉತ್ತರ: ಬೇಡ. ಅದು ಕಳ್ಳಮಾಲು ಎಂಬುದು ಒಂದು, ಆ್ಯಂಟಿವೈರಸ್ ಆಫ್ ಮಾಡಿ ಇನ್‌ಸ್ಟಾಲ್ ಮಾಡಿ ಎನ್ನುವ ಫೈಲನ್ನು ನಿಮ್ಮ ಬ್ಯಾಂಕಿನ ಪಾಸ್‌ವರ್ಡ್ ಇರುವ ಕಂಪ್ಯೂಟರಿಗೆ ಹಾಕುವುದು ಎರಡು. ರಿಸಾಲ್ವ್ ಬಿಟ್ಟಿಯಾಗಿ ಸಿಗುವಾಗ ಕದಿಯುವ ಅಗತ್ಯ ಏನಿದೆ?

ಪ್ರಶ್ನೆ: ಹಿನ್ನೆಲೆ ಸಂಗೀತಕ್ಕೆ ಸಿನಿಮಾ ಹಾಡು ಹತ್ತೇ ಸೆಕೆಂಡ್ ಬಳಸಿದರೆ ತೊಂದರೆ ಇಲ್ಲವಂತೆ, ಹೌದಾ?

ಉತ್ತರ: ಅಂಥ ಹತ್ತು ಸೆಕೆಂಡಿನ ನಿಯಮ ಇಲ್ಲ. ಯಾರೋ ಹುಟ್ಟಿಸಿದ ಮಾತು. ಯೂಟ್ಯೂಬ್‌ನ ಕಂಟೆಂಟ್ ಐಡಿ ಎಂಬ ವ್ಯವಸ್ಥೆ ಚಿಕ್ಕ ತುಣುಕನ್ನೂ ಗುರುತಿಸಬಲ್ಲದು. ಯೂಟ್ಯೂಬ್‌ನದ್ದೇ ಆಡಿಯೊ ಲೈಬ್ರರಿಯಲ್ಲಿ ಉಚಿತ ಸಂಗೀತ ಇದೆ. ಕೆಲವಕ್ಕೆ ಸಂಗೀತಗಾರರ ಹೆಸರು ಹಾಕಬೇಕು, ಇಳಿಸುವ ಮೊದಲು ಅದನ್ನು ಓದಿಕೊಳ್ಳಿ. ಮಾತಿನ ಕೆಳಗೆ ಸಂಗೀತ ಹಾಕುವಾಗ, ಸಾಕು ಅನಿಸಿದ್ದಕ್ಕಿಂತ ಇನ್ನೂ ಒಂದಿಷ್ಟು ತಗ್ಗಿಸಿ. ನಿಮಗೆ ಮಾತು ಬಾಯಿಪಾಠ ಆಗಿರುತ್ತದೆ, ಮೊದಲ ಸಲ ಕೇಳುವವರಿಗೆ ಹಾಗಲ್ಲ.

ಪ್ರಶ್ನೆ: ನನಗೆ ಅರವತ್ತೆರಡು. ನಿವೃತ್ತಿ ಆಗಿದೆ. ಮೊಮ್ಮಕ್ಕಳ ಹಳೆಯ ವಿಡಿಯೊಗಳು ಇನ್ನೂರಕ್ಕೂ ಹೆಚ್ಚು ಇವೆ, ಯಾರೂ ನೋಡುವುದಿಲ್ಲ. ಅವನ್ನು ಜೋಡಿಸಬೇಕು ಅನಿಸುತ್ತದೆ, ಆದರೆ ಸಾಫ್ಟ್‌ವೇರ್ ತೆರೆದ ಕೂಡಲೇ ಗುಂಡಿಗಳನ್ನು ನೋಡಿ ಭಯ ಆಗುತ್ತದೆ. ಎಲ್ಲಿಂದ ಶುರು?

ಉತ್ತರ: ಈ ತಿಂಗಳು ಬರೆದವರಲ್ಲಿ ಕಚ್ಚಾ ಮಾಲು ಕೈಯಲ್ಲಿಟ್ಟುಕೊಂಡು ಬಂದವರು ನೀವೊಬ್ಬರೇ ಸರ್, ನಿಮಗೆ ಏನೂ ಕೊಳ್ಳಬೇಕಾಗಿಲ್ಲ. ಇನ್ನೂರನ್ನೂ ಮುಟ್ಟಬೇಡಿ. ಒಂದೇ ಮಗುವಿನ, ಒಂದೇ ದಿನದ ಹತ್ತು ಕ್ಲಿಪ್ ಆರಿಸಿ. ಸಾಫ್ಟ್‌ವೇರ್ ತೆರೆಯುವ ಮೊದಲು ಅವನ್ನು ಎರಡು ಸಲ ಸುಮ್ನೆ ನೋಡಿ, ಒಂದು ಹಾಳೆಯ ಮೇಲೆ ನಿಮಗೆ ನಗು ಬಂದ ಜಾಗಗಳ ನಿಮಿಷ ಸೆಕೆಂಡ್ ಬರೆದುಕೊಳ್ಳಿ. ಆಮೇಲೆ ಆ ಜಾಗಗಳನ್ನು ಮಾತ್ರ ಕತ್ತರಿಸಿ ಸಾಲಾಗಿ ಇಡಿ. ಎರಡು ನಿಮಿಷ ಮೀರಬಾರದು. ಮೀರಿದರೆ, ಬಿಡಲು ಮನಸ್ಸು ಬರದ ಒಂದು ತುಣುಕನ್ನು ತೆಗೆದು ನೋಡಿ, ಬಹಳ ಸಲ ಅದಿಲ್ಲದೆಯೇ ಚೆನ್ನಾಗಿರುತ್ತದೆ. ಪುಟ ತಿರುವಿದ ಹಾಗೆ, ಹೃದಯದ ಆಕಾರದಲ್ಲಿ ಒಂದು ಚಿತ್ರ ಮುಚ್ಚಿ ಇನ್ನೊಂದು ತೆರೆಯುವ ಟ್ರಾನ್ಸಿಷನ್‌ಗಳು ಕಣ್ಣಿಗೆ ಬೀಳುತ್ತವೆ, ಕೈ ಕಟ್ಟಿಕೊಳ್ಳಿ. ಒಂದು ಚಿತ್ರದ ಮಾತು ಮುಂದಿನ ಚಿತ್ರದ ಮೇಲೆ ಒಂದು ಸೆಕೆಂಡ್ ಹರಿಯುವ ಹಾಗೆ ಶಬ್ದವನ್ನು ಮಾತ್ರ ಎಳೆದು ನೋಡಿ, ಅದನ್ನು ಎಲ್ ಕಟ್ ಎನ್ನುತ್ತಾರೆ. ಮಗು ನಗುವ ಸದ್ದು ಮೊದಲು ಬಂದು ಮುಖ ಆಮೇಲೆ ಕಂಡರೆ ಜೆ ಕಟ್. ಇವೆರಡು ಬಂದರೆ ಉಳಿದ ಗುಂಡಿಗಳನ್ನು ಸದ್ಯಕ್ಕೆ ನೋಡದಿದ್ದರೂ ನಡೆಯುತ್ತದೆ.

ಎಕ್ಸ್‌ಪೋರ್ಟ್ ಮಾಡುವಾಗ ಎಂಪಿ4, ಎಚ್.264, 1920×1080, ಶಬ್ದ 48 ಕಿಲೊಹರ್ಟ್ಸ್ ಇಡಿ. ಫ್ರೇಮ್ ಅಂಕಿ ನಿಮ್ಮ ಕ್ಲಿಪ್ಪಿನದ್ದೇ ಇರಲಿ, ಜಾಸ್ತಿ ಮಾಡಿದರೆ ಏನೂ ಚೆಂದ ಆಗುವುದಿಲ್ಲ. ಹಳೆಯ ಕ್ಲಿಪ್‌ಗಳನ್ನು ಉದ್ದಕ್ಕೆ ನಿಲ್ಲಿಸಿ ತೆಗೆದಿದ್ದರೆ ಟೈಮ್‌ಲೈನ್‌ನ್ನೇ 1080×1920 ಮಾಡಿಕೊಳ್ಳಿ, ಇಲ್ಲದಿದ್ದರೆ ಎರಡೂ ಕಡೆ ಕಪ್ಪು ಗೋಡೆ ನಿಲ್ಲುತ್ತದೆ. ಫೈಲ್ ತಯಾರಾದ ಮೇಲೆ ಫೋನಿಗೆ ಹಾಕಿ, ಮೊಮ್ಮಗುವಿನ ಕೈಗೇ ಕೊಟ್ಟು, ಅದು ಎಲ್ಲಿ ಬೇರೆ ಕಡೆ ನೋಡುತ್ತದೆ ಎಂದು ಗಮನಿಸಿ. ಕತ್ತರಿ ಹಾಕಬೇಕಾದ ಜಾಗ ಅದೇ.